ಸಿಲ್ವರ್ ಸಿಟಿಗೆ ಮನೆ ನೋಡಲು ಹೋದಾಗ

ನಿವೃತ್ತಿಯ ನಂತರ ಎಲ್ಲಿರೋಣ ಎಂದು ಅಮೆರಿಕದಲ್ಲಿರುವ ಅಕ್ಕ-ಭಾವ ಊರು ಹುಡುಕಲು ಹೊರಟಾಗ, ಪುಣೆಯಿಂದ ಹೋಗಿದ್ದ ನಾನೂ ಕಾರು ಹತ್ತಿದೆ. ನ್ಯೂ ಮೆಕ್ಸಿಕೋದ ಸಿಲ್ವರ್ ಸಿಟಿ ಸುಮಾರು 5,900 ಅಡಿ ಎತ್ತರದ ಹಳೆಯ ಗಣಿ ಊರು. ಪಕ್ಕದಲ್ಲೇ ಗಿಲಾ ಕಾಡು. 1895ರ ಪ್ರವಾಹಕ್ಕೆ ಕೊಚ್ಚಿಹೋದ ಮುಖ್ಯ ಬೀದಿ ಈಗ ‘ಬಿಗ್ ಡಿಚ್’ ಎಂಬ ಉದ್ಯಾನ. ಅಲ್ಲಿ ಕೂತು ಭಾವ ಮನಸ್ಸಲ್ಲೇ ಮನೆ ಕೊಂಡಾಗಿತ್ತು!

ಅಕ್ಕ ಕೇಳಿದ್ದು ಒಂದೇ: “ರೀ, ನಿಮಗೆ ಕಾರು ಓಡಿಸೋಕೆ ಆಗದ ದಿನ ಏನು ಮಾಡೋದು?”

ಊರಲ್ಲಿ ಆಸ್ಪತ್ರೆ ಇದೆ, ನಿಜ. ದೊಡ್ಡ ಆಸ್ಪತ್ರೆಗಳೇ ಬೇಕೆಂದರೆ ಎಲ್ ಪಾಸೋ ಇಲ್ಲವೇ ಟೂಸಾನ್, ಎರಡೂವರೆ-ಮೂರು ಗಂಟೆ ದಾರಿ. ಧಾರವಾಡಕ್ಕೇ ಮರಳೋಣವೆಂದರೆ ಮೆಡಿಕೇರ್ ಸಾಮಾನ್ಯವಾಗಿ ಅಮೆರಿಕದಾಚೆ ನಡೆಯುವುದಿಲ್ಲ.

ಸಂಜೆ ಇಬ್ಬರೂ ಆಸ್ಪತ್ರೆಯ ಹತ್ತಿರ ಬಾಡಿಗೆ ಮನೆ ವಿಚಾರಿಸುತ್ತಿದ್ದರು. ಮೊದಲು ಒಂದು ಚಳಿಗಾಲ ಇದ್ದು ನೋಡೋಣ ಅಂತ ಅಕ್ಕ.