ಗಡಿನಾಡಿನ ಕಾಲೇಜು ಉಪನ್ಯಾಸಮಾಲೆ: ಹುಟ್ಟಿನ ಹಿನ್ನೆಲೆ

ಕಾಲೇಜುಗಳ ಸಾರ್ವಜನಿಕ ಉಪನ್ಯಾಸಮಾಲೆಯನ್ನು ವಿಶ್ವವಿದ್ಯಾಲಯದ ಆಡಳಿತಾತ್ಮಕ ಯೋಜನೆಯ ಫಲವೆಂದು ಭಾವಿಸುವುದು ವಾಡಿಕೆ. ಕೃಷ್ಣಾ ತೀರದ ಕುಡಚಿ ಹಾಗೂ ಅದರ ಸುತ್ತಣ ರಾಯಬಾಗ, ಅಥಣಿ, ಚಿಕ್ಕೋಡಿ ಪರಿಸರದಲ್ಲಿ ನಿಂತು ನೋಡಿದರೆ ಈ ಅಭಿಪ್ರಾಯ ಅಪೂರ್ಣವೆನಿಸುತ್ತದೆ. ಪುಣೆ, ಧಾರವಾಡ, ಮೈಸೂರುಗಳ ಮೂರು ಭಿನ್ನ ಪರಂಪರೆಗಳನ್ನು ಇಲ್ಲಿ ಒಟ್ಟಿಗೆ ಗಮನಿಸಬೇಕಾಗುತ್ತದೆ.

ಮೊದಲನೆಯದು ವ್ಯಾಖ್ಯಾನಮಾಲೆ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಪ್ರೇರಣೆಯಿಂದ 1875ರಲ್ಲಿ ಪುಣೆಯಲ್ಲಿ ವಸಂತ ವ್ಯಾಖ್ಯಾನಮಾಲೆ ಆರಂಭವಾಯಿತು. ಪದವಿ, ಪರೀಕ್ಷೆಗಳ ಹಂಗಿಲ್ಲದೆ ಊರ ಜನ ಕುಳಿತು ವಿದ್ವಾಂಸರ ಮಾತು ಕೇಳುವ ಕ್ರಮವಿದು. 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ, ಮೀರಜದ ರೈಲುಮಾರ್ಗದಿಂದ ಪುಣೆಯೊಡನೆ ಬೆಸೆದಿದ್ದ ಈ ಭಾಗಕ್ಕೆ ಆ ಮಾದರಿ ದೂರದ್ದಲ್ಲ. ಮರಾಠಿಯ ‘ವ್ಯಾಖ್ಯಾನ’ವೆಂದರೆ ಭಾಷಣ; ಕನ್ನಡದಲ್ಲಿ ಅದು ಮುಖ್ಯವಾಗಿ ಗ್ರಂಥದ ವಿವರಣೆ. ಕನ್ನಡವು ಭಾಷಣಕ್ಕೆ ‘ಉಪನ್ಯಾಸ’ವನ್ನು ಆಯ್ದುಕೊಂಡಿತು. ಗಡಿಯಲ್ಲಿ ಎರಡೂ ಪದಗಳು ಒಂದೇ ಶ್ರೋತೃವರ್ಗದ ಕಿವಿಗೆ ಬೀಳುವಂಥವು.

ಎರಡನೆಯದು 1890ರಲ್ಲಿ ಧಾರವಾಡದಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿದ್ಯಾವರ್ಧಕ ಸಂಘದ ವೇದಿಕೆ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಮೈಸೂರಿನಿಂದ ಇಲ್ಲಿಗೆ ಬಂದು ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಉಪನ್ಯಾಸ ನೀಡಿದರು. ಕನ್ನಡದ ಏಳಿಗೆಯನ್ನು ಕುರಿತು ಕನ್ನಡದಲ್ಲಿಯೇ ವಿದ್ವತ್ಪೂರ್ಣವಾಗಿ ಮಾತನಾಡಬಹುದೆಂಬುದನ್ನು ಆ ಸಭೆ ತೋರಿಸಿಕೊಟ್ಟಿತು.

ಮೂರನೆಯದು ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ. 1930ರ ದಶಕದಲ್ಲಿ ರೂಪುಗೊಂಡ ಈ ಕಾರ್ಯಕ್ಕೆ ಕುವೆಂಪು ಅವರು ಕುಲಪತಿಗಳಾಗಿದ್ದಾಗ (1956–60) ಹೊಸ ಅರ್ಥ ದೊರೆಯಿತು. ಬೋಧನಾಂಗ, ಸಂಶೋಧನಾಂಗಗಳ ಸಾಲಿನಲ್ಲಿ ಪ್ರಸಾರಾಂಗವೂ ವಿಶ್ವವಿದ್ಯಾನಿಲಯದ ಅವಿಭಾಜ್ಯ ಅಂಗವೆಂದು ಅವರು ಭಾವಿಸಿದರು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಪ್ರಸಾರಾಂಗ ಬೆಳೆಯಿತು. ಚೆನ್ನವೀರ ಕಣವಿಯವರು 1956ರಿಂದ 1983ರವರೆಗೆ ಅದನ್ನು ಮುನ್ನಡೆಸಿದರು. ಆಡಿದ ಮಾತು ‘ಉಪನ್ಯಾಸ ಗ್ರಂಥಮಾಲೆ’ಯ ಕಿರುಹೊತ್ತಿಗೆಗಳಾಗಿ ಓದುಗರ ಕೈಸೇರಿತು.

ಈ ಮೂರೂ ಧಾರೆಗಳು ಕೂಡುವೆಡೆಯಲ್ಲಿ ಉಪನ್ಯಾಸಮಾಲೆಯ ನಿಜವಾದ ಮಹತ್ವ ತಿಳಿಯುತ್ತದೆ. 1933ರಲ್ಲಿ ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ಆರಂಭವಾದಾಗ ಅದು ಮುಂಬಯಿ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು. ಉನ್ನತ ಶಿಕ್ಷಣದ ಮಾಧ್ಯಮ ಇಂಗ್ಲಿಷ್. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಬೋಧಿಸುವ ಅಧ್ಯಾಪಕನು ಅರ್ಥಶಾಸ್ತ್ರವನ್ನೋ ವಿಜ್ಞಾನವನ್ನೋ ಊರವರ ಮುಂದಿಡಬೇಕಾದಾಗ ಕನ್ನಡ ಪದಗಳನ್ನು ಹುಡುಕಲೇಬೇಕು. ಕೇಳುಗನಿಗೆ ತಿಳಿಯದಿದ್ದರೆ ಆ ಪದ ಸೋತಂತೆ. ಹೀಗೆ ಸಾರ್ವಜನಿಕ ವೇದಿಕೆಯು ಕನ್ನಡದ ಶಾಸ್ತ್ರಭಾಷೆಗೆ ಒರೆಗಲ್ಲಾಯಿತು.

2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದುದರಿಂದ ಈ ಭಾಗಕ್ಕೆ ವಿಶ್ವವಿದ್ಯಾಲಯ ಇನ್ನಷ್ಟು ಸಮೀಪವಾಯಿತು. ಆದರೆ ಉಪನ್ಯಾಸವು ವಿದ್ಯಾರ್ಥಿಗಳ ಹಾಜರಾತಿಗಷ್ಟೇ ಸೀಮಿತಗೊಂಡರೆ ಹೆಸರು ಉಳಿದು ಉದ್ದೇಶ ಅಳಿಯುತ್ತದೆ. ಕಾಲೇಜುಗಳ ಆಮಂತ್ರಣ ಪತ್ರಿಕೆ, ನಡಾವಳಿ ಪುಸ್ತಕ, ವಾರ್ಷಿಕ ಸಂಚಿಕೆಗಳನ್ನು ಕಲೆಹಾಕಿ ಪರಿಶೀಲಿಸುವಾಗ ಯಾರು ಮಾತನಾಡಿದರೆಂಬುದರ ಜೊತೆಗೆ ಯಾವ ಭಾಷೆಯಲ್ಲಿ, ಯಾರಿಗಾಗಿ ಮಾತನಾಡಿದರೆಂಬುದನ್ನೂ ಸಂಶೋಧಕರು ದಾಖಲಿಸುವುದು ಅವಶ್ಯ.