ಕಿವಿಗೆಂದು ಬರೆದ ಕಥೆ ತೆರೆಗೆ, ರಂಗಕ್ಕೆ ಬರುವ ಬಗೆ

ಬ್ರಿಟನ್ನಿನ ‘ದಿ ಹೂ’ ತಂಡ 1969ರ ಮೇ ತಿಂಗಳಲ್ಲಿ ಹೊರತಂದ ‘ಟಾಮಿ’ ಎರಡು ಎಲ್‌ಪಿಗಳ ರಾಕ್ ಒಪೆರಾ. ಸುಮಾರು 75 ನಿಮಿಷಗಳ ಹಾಡುಗಳಲ್ಲಿ ಒಂದೇ ಕಥೆ. ಯುದ್ಧದಲ್ಲಿ ಸತ್ತನೆಂದು ತಿಳಿದಿದ್ದ ಅಪ್ಪ ಮನೆಗೆ ಮರಳುತ್ತಾನೆ. ಅಲ್ಲೊಂದು ಕೊಲೆ ನಡೆಯುತ್ತದೆ. ನೀನೇನೂ ನೋಡಿಲ್ಲ, ಕೇಳಿಲ್ಲ, ಯಾರಿಗೂ ಹೇಳಕೂಡದು ಎಂಬ ಒತ್ತಾಯಕ್ಕೆ ಸಿಕ್ಕ ಪುಟ್ಟ ಮಗ ಟಾಮಿ ನೋಟ, ಶ್ರವಣ, ಮಾತು ಮೂರನ್ನೂ ಕಳೆದುಕೊಳ್ಳುತ್ತಾನೆ. ಪಿನ್‌ಬಾಲ್ ಆಟದಲ್ಲಿ ಹೆಸರು ಮಾಡಿ, ಗುಣವಾಗಿ, ಜನರಿಗೆ ಗುರುವಾಗಿ, ಕೊನೆಗೆ ಅದೇ ಜನರಿಂದ ತಿರಸ್ಕಾರಕ್ಕೆ ಗುರಿಯಾಗುತ್ತಾನೆ. ಇದರ ಬಹುಪಾಲನ್ನು ಬರೆದ ಪೀಟ್ ಟೌನ್‌ಶೆಂಡ್, ದಶಕಗಳ ಕಾಲ ಮೌನವ್ರತದಲ್ಲಿದ್ದ ಮೆಹೆರ್ ಬಾಬಾ ಅವರ ಅನುಯಾಯಿ.

ಆಲ್ಬಮ್ ಕೇಳುವವರಿಗೆ ಕೊಲೆಯ ವಿವರ ಸಿಗುವುದೇ ಇಲ್ಲ. ಸಿಗಬೇಕೆಂದೂ ಇಲ್ಲ, ಕೇಳುಗರ ಮನಸ್ಸೇ ಆ ಚಿತ್ರ ಬರೆದುಕೊಳ್ಳುತ್ತದೆ. ಕ್ಯಾಮೆರಾಗೆ ಆ ಅನುಕೂಲವಿಲ್ಲ. ಯಾರು ಯಾರನ್ನು ಕೊಂದರು, ಯಾವ ವರ್ಷ, ಯಾವ ಕೋಣೆ ಎಂದು ನಿರ್ದೇಶಕ ತೀರ್ಮಾನಿಸಲೇಬೇಕು. ರೂಪಾಂತರದ ನಿಜವಾದ ಕೆಲಸ ಇಲ್ಲಿಂದಲೇ ಶುರು. 1975ರ ಚಲನಚಿತ್ರದಲ್ಲಿ ಕೆನ್ ರಸೆಲ್ ಕಥೆಯನ್ನು ಎರಡನೇ ಮಹಾಯುದ್ಧದ ಕಾಲಕ್ಕೆ ತಂದು, ತಾಯಿಯ ಪ್ರಿಯಕರನ ಕೈಯಲ್ಲಿ ತಂದೆಯನ್ನು ಕೊಲ್ಲಿಸಿದರು. 1993ರ ಬ್ರಾಡ್ವೇ ನಾಟಕದಲ್ಲಿ ನಿರ್ದೇಶಕ ಡೆಸ್ ಮ್ಯಾಕನಫ್ ಅದನ್ನು ತಿರುಗಿಸಿದರು: ಕೊಲ್ಲುವವನು ತಂದೆ, ಸಾಯುವವನು ಪ್ರಿಯಕರ. ಇದೊಂದು ಬದಲಾದರೆ ತಾಯಿಯ ಪಾತ್ರವೇ ಬದಲಾಗುತ್ತದೆ. ಚಿತ್ರದಲ್ಲಿ ಆನ್-ಮಾರ್ಗರೆಟ್ ನಟಿಸಿದ ತಾಯಿ ಗಂಡನ ಹಂತಕನೊಡನೆಯೇ ಸಂಸಾರ ಮಾಡುವ ಹೆಂಗಸು, ಆಕೆಯ ಅಪರಾಧಪ್ರಜ್ಞೆ ಇಡೀ ಚಿತ್ರವನ್ನು ಹೊರುತ್ತದೆ. ನಾಟಕದಲ್ಲಿ ಗಂಡಹೆಂಡತಿ ಒಂದೇ ಗುಟ್ಟನ್ನು ಹಂಚಿಕೊಂಡವರು. ಆ ದಾಂಪತ್ಯಕ್ಕೆ ದನಿ ಬೇಕೆಂದು ಟೌನ್‌ಶೆಂಡ್ ಹೊಸ ಹಾಡೊಂದನ್ನೇ ಬರೆದರು.

ಎರಡನೇ ಪ್ರಶ್ನೆ, ಯಾರು ಹಾಡಬೇಕು? ಆಲ್ಬಮ್‌ನಲ್ಲಿ ತಂಡದ ಗಾಯಕ ರೋಜರ್ ಡಾಲ್ಟ್ರಿಯ ಕಂಠ ಒಮ್ಮೆ ತಂದೆಯದು, ಒಮ್ಮೆ ಟಾಮಿಯದು. ತೆರೆಯ ಮೇಲೆ ಪ್ರತಿ ಸಾಲಿಗೂ ಒಂದು ಮುಖ ಬೇಕು. ರಸೆಲ್ ಇಡೀ ಕಥೆಯನ್ನು ಹಾಡಿನಲ್ಲೇ ನಡೆಸಿದರು. ನಮ್ಮ ಸಿನಿಮಾದಂತೆ ಮೊದಲು ಧ್ವನಿಮುದ್ರಣ, ಆಮೇಲೆ ತುಟಿಚಲನೆ. ಆದರೆ ಹಿನ್ನೆಲೆ ಗಾಯಕರನ್ನು ನೆಚ್ಚಲಿಲ್ಲ: ಆಲಿವರ್ ರೀಡ್, ಜ್ಯಾಕ್ ನಿಕೋಲ್ಸನ್‌ರಂಥ ನಟರೂ ಸ್ವಂತ ದನಿಯಲ್ಲೇ ಹಾಡಿದ್ದಾರೆ. ಆ ಒರಟು ಕಂಠಗಳು ಪಾತ್ರಗಳಿಗೆ ಮೈ ಕೊಟ್ಟವು ಎಂದೇ ನನ್ನ ನಂಬಿಕೆ. ಟೀನಾ ಟರ್ನರ್, ಎಲ್ಟನ್ ಜಾನ್ ಒಂದೊಂದು ಹಾಡಿಗೆ ಬಂದು ಹೋಗುತ್ತಾರೆ.

ಹಾಗಾದರೆ ಮಾತೇ ಬಾರದ ನಾಯಕ ಹಾಡುವುದು ಹೇಗೆ? ರಂಗಭೂಮಿ ಕೊಟ್ಟ ಉತ್ತರ ನನಗೆ ಎಲ್ಲಕ್ಕಿಂತ ಪ್ರಿಯ. ನಾಲ್ಕರ, ಹತ್ತರ ಪ್ರಾಯದ ಇಬ್ಬರು ಟಾಮಿಗಳು ಮೌನವಾಗಿ ನಿಂತಿರುವಾಗ ದೊಡ್ಡ ಟಾಮಿ ಅವರ ಪಕ್ಕದಲ್ಲಿ ಬಂದು ಅವರ ಒಳಮನಸ್ಸನ್ನು ಹಾಡುತ್ತಾನೆ. ಲೋಕಕ್ಕೆ ಕಲ್ಲಾಗಿರುವ ಮಗು ಒಳಗೆ ಎಷ್ಟು ಜೀವಂತ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಉಳಿದದ್ದು ದುಡಿಮೆ. ವಾರಕ್ಕೆ ಎಂಟು ಪ್ರದರ್ಶನಗಳನ್ನು ಕಂಠ ತಾಳುವಂತೆ ಶ್ರುತಿ ಹೊಂದಿಸಬೇಕು. ದೃಶ್ಯ ಬದಲಾಗುವಷ್ಟು ಹೊತ್ತು ವಾದ್ಯಸಂಗೀತ ಹಿಗ್ಗಿಸಬೇಕು. ಗಿಟಾರ್ ಒಂಟಿಯಾಗಿ ನುಡಿಸಿದ್ದನ್ನು ಮೇಳಕ್ಕೆ ಹಂಚಬೇಕು. ಹಾಡನ್ನು ಕಛೇರಿಯಲ್ಲಿ ಹಾಡಲು ಸಿಗುವ ಪರವಾನಗಿ, ಅದನ್ನು ಪಾತ್ರ-ವೇಷ ಸಮೇತ ಕಥೆಯಾಗಿ ಆಡಲು ಸಾಲದು. ಅದಕ್ಕೆ ಹಕ್ಕುದಾರರಿಂದ ಪ್ರತ್ಯೇಕ ಒಪ್ಪಿಗೆ ಬೇಕು. ‘ಟಾಮಿ’ ನಾಟಕವೂ ನೇರ ನ್ಯೂಯಾರ್ಕಿಗೆ ಹೋಗಲಿಲ್ಲ. 1992ರಲ್ಲಿ ಕ್ಯಾಲಿಫೋರ್ನಿಯಾದ ಲಾ ಹೋಯಾ ಪ್ಲೇಹೌಸ್‌ನಲ್ಲಿ ಆಡಿ, ತಿದ್ದಿ, ಮರುವರ್ಷ ಬ್ರಾಡ್ವೇಗೆ ಬಂತು. ಅಲ್ಲಿ ನಿರ್ದೇಶನ, ಸಂಗೀತ, ನೃತ್ಯಸಂಯೋಜನೆ, ರಂಗಸಜ್ಜಿಕೆ, ಬೆಳಕು ಹೀಗೆ 5 ಟೋನಿ ಪ್ರಶಸ್ತಿಗಳನ್ನು ಪಡೆಯಿತು.

ಮುಕ್ತಾಯದಲ್ಲಂತೂ ಮೂರೂ ಬೇರೆ ದಾರಿ ಹಿಡಿಯುತ್ತವೆ. ಆಲ್ಬಮ್‌ನ ಕೊನೆ ಅಸ್ಪಷ್ಟ. ಚಿತ್ರದಲ್ಲಿ ತಾಯಿ, ಮಲತಂದೆ ಇಬ್ಬರೂ ದೊಂಬಿಗೆ ಬಲಿಯಾಗುತ್ತಾರೆ, ಟಾಮಿ ಒಬ್ಬನೇ ಬೆಟ್ಟ ಹತ್ತುತ್ತಾನೆ. ನಾಟಕದಲ್ಲಿ ಆತ ಮನೆಯವರನ್ನು ಅಪ್ಪಿಕೊಳ್ಳುತ್ತಾನೆ. ಆ ಅಪ್ಪುಗೆ ನನಗೆ ಸುಲಭದ್ದೆನಿಸುತ್ತದೆ, ಅಷ್ಟು ನೋವು ಕೊಟ್ಟವರಿಗೆ ಅಷ್ಟು ಬೇಗ ಕ್ಷಮೆ ಸಲ್ಲದು. ಹೋಲಿಸಿ ನೋಡುವ ಆಸೆಯಿದ್ದರೆ ಮೊದಲು ಆಲ್ಬಮ್ ಕೇಳಿ, ಆಮೇಲೆ ಚಿತ್ರ, ಕೊನೆಗೆ ಬೀಟಲ್ಸ್ ಖ್ಯಾತಿಯ ಜಾರ್ಜ್ ಮಾರ್ಟಿನ್ ನಿರ್ಮಿಸಿದ ಬ್ರಾಡ್ವೇ ತಂಡದ ಧ್ವನಿಮುದ್ರಿಕೆ. ಚಿತ್ರವನ್ನು ಮೊದಲು ನೋಡಿದವರಿಗೆ ಆಲ್ಬಮ್ ಕೇಳುವಾಗ ಆನ್-ಮಾರ್ಗರೆಟ್‌ರ ಮುಖ ಮರೆಯಾಗುವುದಿಲ್ಲ.