ಕೂಸಿಗೂ ದಾರಿ ಗೊತ್ತು

ಮಾತು ಬರುವ ಮೊದಲೇ ಮಗುವಿಗೆ ದಾರಿ ತಿಳಿಯುತ್ತದೆ. ಹಿರಿಯರು ಇದನ್ನು ಗಮನಿಸುವುದು ಮಾತ್ರ, ಬಹುಮಟ್ಟಿಗೆ, ತಾವಾಡಿದ ಸಣ್ಣ ಸುಳ್ಳೊಂದು ಬಯಲಾದಾಗ.

ರಾಯಚೂರಿನ ಯಾವ ಮನೆಯಲ್ಲಾದರೂ ನಡೆಯಬಹುದಾದ ಸಂಗತಿ ಇದು. ಒಂದೂವರೆ ವರ್ಷದ ಕೂಸಿಗೆ ಚುಚ್ಚುಮದ್ದು ಹಾಕಿಸಬೇಕು. ‘ಮಾವಿನಕೆರೆಗೆ ಹೋಗೋಣ, ನೀರು ನೋಡೋಣ’ ಎಂದು ಪುಸಲಾಯಿಸಿ ತಾಯಿ ಅದನ್ನೆತ್ತಿಕೊಂಡು ಆಟೋ ಹತ್ತುತ್ತಾಳೆ. ತೀನ್ ಕಂದೀಲ್ ಕಳೆದರೂ ಕೂಸಿನ ನಗೆ ಮಾಸಿಲ್ಲ. ಆಟೋ ಆಸ್ಪತ್ರೆಯ ಬೀದಿಗೆ ಹೊರಳಿತೋ ಇಲ್ಲವೋ, ಅಳು ಮೊದಲಾಯಿತು! ಆಸ್ಪತ್ರೆಯ ಕಟ್ಟಡ ಇನ್ನೂ ಕಣ್ಣಿಗೆ ಬಿದ್ದಿಲ್ಲ. ಔಷಧದ ವಾಸನೆ ಮೂಗಿಗೆ ತಗುಲಿಲ್ಲ. ಗುಟ್ಟು ಬಿಟ್ಟುಕೊಟ್ಟದ್ದು ಆ ಒಂದು ತಿರುವು.

ಈ ಅರಿವು ಹುಟ್ಟಿನಿಂದಲೇ ಬಂದುದೆ? ಅಮೆರಿಕದ ಮನೋವಿಜ್ಞಾನಿ ಲಿಂಡಾ ಆಕ್ರೆಡೋಲೊ 1978ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಹೇಳುತ್ತದೆ. ಎರಡು ಕಿಟಕಿಗಳ ಕೋಣೆಯಲ್ಲಿ, ಸದ್ದಾದೊಡನೆ ಗೊತ್ತಾದ ಒಂದು ಕಿಟಕಿಯಲ್ಲಿ ಮುಖವೊಂದು ಕಾಣಿಸುವುದೆಂದು ಮಕ್ಕಳಿಗೆ ರೂಢಿಮಾಡಿಸಲಾಯಿತು. ಬಳಿಕ ಅವರನ್ನು ಕೋಣೆಯ ಎದುರು ಬದಿಗೆ ಒಯ್ದು ಕೂರಿಸಿದರು. 6 ತಿಂಗಳ ಶಿಶುಗಳು ಬಹುಪಾಲು ಹಿಂದಿನಂತೆ ಅದೇ ಕೈಯ ಕಡೆಗೆ ತಿರುಗಿ ಮೋಸಹೋದವು. 16 ತಿಂಗಳ ಮಕ್ಕಳು ಸರಿಯಾದ ಕಿಟಕಿಯನ್ನೇ ನೋಡಿದವು. ‘ನನ್ನ ಎಡ, ನನ್ನ ಬಲ’ ಎಂಬ ತಿಳಿವಳಿಕೆ ಅಷ್ಟರೊಳಗೆ ‘ಅದು ಅಲ್ಲಿದೆ’ ಎಂಬ ತಿಳಿವಳಿಕೆಯಾಗಿ ಬೆಳೆದಿತ್ತು. ಅಂಬೆಗಾಲಿಟ್ಟು ಹರಿದಾಡುವುದೂ ನಡೆಯಲು ಕಲಿಯುವುದೂ ಈ ನಡುವಿನ ತಿಂಗಳುಗಳಲ್ಲಿಯೇ ಅಲ್ಲವೆ?

1994ರಲ್ಲಿ ಲಿಂಡಾ ಹರ್ಮರ್ ಮತ್ತು ಎಲಿಜಬೆತ್ ಸ್ಪೆಲ್ಕಿ ಇನ್ನೊಂದು ಪರೀಕ್ಷೆಯನ್ನು ಪ್ರಕಟಿಸಿದರು. ಉದ್ದಚೌಕದ ಸಣ್ಣ ಕೋಣೆಯ ಮೂಲೆಯಲ್ಲಿ ಆಟಿಕೆಯನ್ನು ಬಚ್ಚಿಟ್ಟು, ಮಗುವಿನ ಕಣ್ಣು ಮುಚ್ಚಿ, ದಿಕ್ಕು ತಪ್ಪುವಂತೆ ಗಿರ್ರನೆ ತಿರುಗಿಸಿ ಬಿಟ್ಟರು. ಎರಡು ವರ್ಷದೊಳಗಿನ ಆ ಮಕ್ಕಳು ಗೋಡೆಗಳ ಉದ್ದಗಿಡ್ಡವನ್ನೇ ಆಧಾರವಾಗಿ ಹಿಡಿದು ಹುಡುಕಿದವು. ಒಂದು ಗೋಡೆ ನೀಲಿಯಾಗಿದ್ದರೂ ಅದರ ನೆರವು ಪಡೆಯಲಿಲ್ಲ. ಕೋಣೆ ದೊಡ್ಡದಾದಾಗ ಮಾತ್ರ ಈ ವಯಸ್ಸಿನವರು ಬಣ್ಣದ ಗುರುತನ್ನೂ ಬಳಸಬಲ್ಲರೆಂದು ಮುಂದಿನ ಪ್ರಯೋಗಗಳಿಂದ ತಿಳಿದುಬಂದಿತು.

ಊರೆಂಬುದಾದರೋ ಬಲು ದೊಡ್ಡ ಕೋಣೆ. 1294ರ ಶಾಸನವನ್ನು ಹೊತ್ತ ರಾಯಚೂರಿನ ಕೋಟೆಯನ್ನೂ, 1513ರ ಏಕ್ ಮಿನಾರ್ ಮಸೀದಿಯ ಒಂಟಿ ಗೋಪುರವನ್ನೂ ಕಂಡಾಗ ಇತಿಹಾಸ ಬಲ್ಲವರಿಗೆ ಕಾಕತೀಯರೂ ಬಹಮನಿ ಸುಲ್ತಾನರೂ ನೆನಪಾಗುತ್ತಾರೆ. ಕೂಸಿಗೆ ನೆನಪಾಗುವುದು ಅಜ್ಜಿಯ ಮನೆ.

ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ, ಗೊತ್ತಾದ ಜಾಗಕ್ಕೆ ಬಂದಾಗಲೇ ಚುರುಕಾಗುವ ಜೀವಕೋಶಗಳಿರುವುದನ್ನು ಜಾನ್ ಓಕೀಫ್ 1971ರಲ್ಲಿ ಇಲಿಗಳಲ್ಲಿ ತೋರಿಸಿದರು. 2014ರ ನೊಬೆಲ್ ಪಾರಿತೋಷಕ ಅವರಿಗೂ ಮೋಸರ್ ದಂಪತಿಗಳಿಗೂ ದೊರೆಯಿತು. ಇಲಿಮರಿ ಗೂಡಿನಿಂದ ಹೊರಬೀಳುವ ಹೊತ್ತಿಗೇ ಅದರ ಮಿದುಳಿನ ದಿಕ್ಸೂಚಿ ಕೆಲಸ ಮಾಡುತ್ತಿರುತ್ತದೆಂದು 2010ರ ಸಂಶೋಧನೆಗಳು ತಿಳಿಸಿದವು.

ಆದರೆ ದಾರಿಯನ್ನು ಗುರುತಿಸುವುದು ಬೇರೆ, ದಾರಿ ಹಿಡಿದು ಮನೆ ಸೇರುವುದು ಬೇರೆ. ಜಾತ್ರೆಯಲ್ಲಿ ಕೈತಪ್ಪಿದ ಕೂಸಿಗೆ ಈ ಜಾಣ್ಮೆ ರಕ್ಷೆಯಾಗದು. ತನ್ನ ಬೀದಿಯ ಹೆಸರನ್ನು ಹೇಳಲೂ ಅದಕ್ಕೆ ಬಾರದು. ‘ನಮ್ಮ ಮಗು ಜಾಣ’ ಎಂದು ಕೈಬಿಟ್ಟು ನಡೆಯುವ ತಾಯ್ತಂದೆಗಳು ಇದನ್ನು ಮರೆಯಬಾರದು.

ಇನ್ನೊಂದು ಮಾತು. ರಾಷ್ಟ್ರೀಯ ಲಸಿಕಾ ಕ್ರಮದಂತೆ 16ರಿಂದ 24 ತಿಂಗಳ ನಡುವೆ ಮಗುವಿಗೆ ಮತ್ತೆ ಸೂಜಿಮದ್ದು ಕೊಡಿಸಬೇಕು. ಕೂಸು ದಾರಿಯನ್ನು ಅರಿಯತೊಡಗುವ ಕಾಲವೂ ಇದೇ. ಸೂಜಿಯ ನೋವು ಗಳಿಗೆಯದು. ತಾಯಿಯ ಮಾತೊಂದು ಕಡೆ, ಗಾಡಿ ಇನ್ನೊಂದು ಕಡೆ ಹೋದಾಗ ಕೂಸು ಯಾವುದನ್ನು ನಂಬಬೇಕು? ‘ಆಸ್ಪತ್ರೆಗೆ ಹೋಗೋಣ, ಚುರುಕ್ಕೆನ್ನುತ್ತದೆ, ಬೇಗ ಮುಗಿಯುತ್ತದೆ’ ಎಂದು ಮೊದಲೇ ಹೇಳಿದರೆ ಅಳು ನಿಲ್ಲದೆ ಹೋಗಬಹುದು. ಮಾತಿನ ಬೆಲೆಯಂತೂ ಉಳಿಯುತ್ತದೆ. ಊರಿನ ದಾರಿಗಳನ್ನು ಕೂಸು ತಾನಾಗಿ ಕಲಿಯುತ್ತದೆ. ಹಿರಿಯರ ಮಾತು ಆ ದಾರಿಯೊಡನೆಯೇ ನಡೆಯಲಿ.